‘ಚಿಂಕಿ’ ಊಟದ ಹೆಸರಾ, ಬೈಗುಳಾನಾ?

ಪ್ರಶ್ನೆ: ಮೇಡಂ, ನಾನು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ವರ್ಷವಾಯಿತು. ಊರು ಹಾಸನ, ಓದಿದ್ದು ಬೆಂಗಳೂರಿನಲ್ಲಿ. ನಮ್ಮ ಆಫೀಸಿನಲ್ಲಿ ಶುಕ್ರವಾರ ಸಂಜೆ ಹೊರಗಿನಿಂದ ಊಟ ತರಿಸುವ ರೂಢಿ ಇದೆ. ‘ಇವತ್ತು ಚಿಂಕಿ ತರಿಸೋಣವಾ?’ ಅಂತ ಒಬ್ಬ ಸಹೋದ್ಯೋಗಿ ಕೇಳುತ್ತಾನೆ. ಚೈನೀಸ್ ಊಟಕ್ಕೆ ಅವನು ಹಾಗೇ ಅನ್ನುವುದು. ಒಳ್ಳೆಯ ಮನುಷ್ಯ. ನಾವು ಮನೆ ಬದಲಾಯಿಸಿದಾಗ ತನ್ನ ವ್ಯಾನ್ ತಂದು ಸಾಮಾನು ಸಾಗಿಸಿಕೊಟ್ಟವನು. ಒಮ್ಮೆ ಮೆಲ್ಲಗೆ ಕೇಳಿದೆ. ‘ಅಯ್ಯೋ, ಅದು ಊಟದ ಹೆಸರು, ಜನರಿಗೆ ಹೇಳಿದ್ದಲ್ಲ. ನಿಮ್ಮ ಊಟಕ್ಕೂ ಇಂಡಿಯನ್ ಅಂತೀವಲ್ಲ?’ ಅಂದ. ಹೋದ ವಾರ ನಮ್ಮ ಎಂಟು ವರ್ಷದ ಮಗ ಅದೇ ಪದವನ್ನು ಸ್ಕೂಲಿನಿಂದ ಕಲಿತು ಬಂದ. ಹೆಂಡತಿ ಬೈದಳು. ನನಗೆ ಬೈಯಲು ಬಾಯಿ ಬರಲಿಲ್ಲ. ಯಾಕಂದರೆ ಕಾಲೇಜಿನಲ್ಲಿ ಮಣಿಪುರದ ಗೆಳೆಯನೊಬ್ಬನನ್ನು ನಾವೆಲ್ಲ ಅದೇ ಪದದಿಂದ ಕರೆಯುತ್ತಿದ್ದೆವು. ಕೆಲವೊಮ್ಮೆ ‘ಮೋಮೋ’ ಅಂತಲೂ. ಅವನೂ ನಗುತ್ತಿದ್ದ. ಊಟದ ಅಡ್ಡಹೆಸರು ನಿಜಕ್ಕೂ ಯಾರನ್ನಾದರೂ ನೋಯಿಸುತ್ತಾ, ಅಥವಾ ಈಗಿನವರು ಎಲ್ಲದಕ್ಕೂ ಜಾಸ್ತಿ ನೊಂದುಕೊಳ್ಳುತ್ತಾರಾ? ಆ ಗೆಳೆಯನಿಗೆ ಈಗ ಏನಾದರೂ ಹೇಳಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿ ಬೈದದ್ದು ಸರಿ. ‘ಚಿಂಕಿ’ ಬೈಗುಳವೇ. ಅದನ್ನು ಊಟಕ್ಕೆ ಅಂಟಿಸಿದರೂ ಬೈಗುಳವಾಗಿಯೇ ಉಳಿಯುತ್ತದೆ. ‘ಇಂಡಿಯನ್ ತಿನ್ನೋಣ’ ಅನ್ನುವುದು ಬೇರೆ ಥರದ ಮಾತು. ನಿಮ್ಮ ಸಹೋದ್ಯೋಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದಾನೆ. ಬೇಕಂತಲೇ ಹಾಕಿದ್ದಾನೆ ಅಂತ ನನಗೆ ಅನಿಸುವುದಿಲ್ಲ.

ನಾನು ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಒಂಬತ್ತು ವರ್ಷ ಭಾಷಾಶಾಸ್ತ್ರ ಕಲಿಸಿದೆ. ಮನೆಯಿಂದ ಎರಡು ಬೀದಿ ಆಚೆ ಒಂದು ಚೈನೀಸ್ ಟೇಕ್‌ಅವೇ ಇತ್ತು. ಕೂತು ತಿನ್ನಲು ಜಾಗ ಇಲ್ಲ. ಕಾಯುವವರಿಗೆ ಗೋಡೆಗೆ ಒರಗಿಸಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಎದೆಯೆತ್ತರದ ಕೌಂಟರ್, ಅದರ ಮೇಲೆ ಸದಾ ಕೈ ಆಡಿಸುವ ಚಿನ್ನದ ಬಣ್ಣದ ಬೆಕ್ಕು. ಕೌಂಟರಿನ ಹಿಂದೆ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿ. ಫೋನಿನಲ್ಲಿ ಬಂದ ಆರ್ಡರ್ ಚೀಟಿಯ ಮೇಲೆ ಬರೆದು ಒಳಗೆ ಕೊಡುವುದು, ಮತ್ತೆ ಬಂದು ಗಣಿತದ ಹೋಮ್‌ವರ್ಕ್ ಮಾಡುವುದು. ಒಳಗೆ ಅಪ್ಪ ಅಮ್ಮ ಬಾಣಲೆ ಕುಲುಕುವ ಸದ್ದು. ಒಂದು ರಾತ್ರಿ ನನ್ನ ಮುಂದೆ ನಿಂತಿದ್ದ ಗಂಡಸಿಗೆ ಫೋನ್ ಬಂತು. ಎಲ್ಲಿದ್ದೀಯ ಅಂತ ಕೇಳಿರಬೇಕು. ‘ನಾನು ಚಿಂ...’ ಅಂದವನ ಕಣ್ಣು ಆ ಹುಡುಗಿಯ ಮೇಲೆ ಬಿತ್ತು. ಮಾತು ಅಲ್ಲೇ ಕಚ್ಚಿಕೊಂಡಿತು. ಒಂದು ಸಲ ಕೆಮ್ಮಿ, ‘ಟೇಕ್‌ಅವೇಯಲ್ಲಿ ಇದ್ದೀನಿ’ ಅಂದ. ಹುಡುಗಿ ತಲೆ ಎತ್ತಲಿಲ್ಲ. ಅವಳಿಗೆ ಕೇಳಿಸಿತ್ತು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಬರೀ ಊಟದ ಹೆಸರಾಗಿದ್ದರೆ ಅವನು ಮಾತು ನುಂಗುವ ಅಗತ್ಯ ಏನಿತ್ತು? ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ‘ಇಡ್ಲಿ ಅಂಗಡಿ ಹತ್ತಿರ ಇದ್ದೀನಿ’ ಅನ್ನಲು ಯಾರೂ ದನಿ ತಗ್ಗಿಸುವುದಿಲ್ಲ, ಅಲ್ವಾ? ನಾನು ಪಾಠದಲ್ಲಿ ಹತ್ತಾರು ಸಿದ್ಧಾಂತ ಹೇಳಿಕೊಟ್ಟಿದ್ದೇನೆ. ಆದರೆ ಈ ವಿಷಯಕ್ಕೆ ಆ ಕೌಂಟರಿಗಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಆ ಊಟ ಮಾಡಿಕೊಡುವವರ ಎದುರು, ಅವರ ಮಗುವಿನ ಎದುರು, ಅದೇ ದನಿಯಲ್ಲಿ ಆ ಪದ ಹೇಳಲು ಆಗುತ್ತಾ? ಆಗದಿದ್ದರೆ, ಪದದಲ್ಲಿ ಏನಿದೆ ಅಂತ ಹೇಳುವವನಿಗೇ ಗೊತ್ತಿದೆ.

ನಿಮ್ಮ ಸಹೋದ್ಯೋಗಿಯ ಕಿವಿಗೆ ಅದು ಯಾಕೆ ತಪ್ಪಾಗಿ ಕೇಳಿಸುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಇಂಗ್ಲಿಷರಿಗೆ ಪದವನ್ನು ಮೊಟಕು ಮಾಡಿ ಕೊನೆಗೊಂದು ‘ಇ’ ಅಂಟಿಸುವ ಚಟ. ಮೀನು, ಚಿಪ್ಸ್ ಮಾರುವ ಅಂಗಡಿ ‘ಚಿಪ್ಪಿ’. ಬ್ರೇಕ್‌ಫಾಸ್ಟ್ ‘ಬ್ರೆಕ್ಕಿ’. ಟೆಲಿವಿಷನ್ ‘ಟೆಲ್ಲಿ’. ‘ಆಫ್-ಲೈಸೆನ್ಸ್’ ಅನ್ನುವ ಹೆಂಡದಂಗಡಿ ‘ಆಫಿ’. ನಾವು ರಾಘವೇಂದ್ರನನ್ನು ರಾಘು, ಲಕ್ಷ್ಮಿಯನ್ನು ಲಚ್ಚಿ ಮಾಡುವ ಹಾಗೆ, ಇದು ಸಲಿಗೆಯ ಬಾಲ. ಈ ಸಾಲಿನಲ್ಲಿ ನಿಂತಾಗ ‘ಚಿಂಕಿ’ಯೂ ಮುದ್ದಾಗಿಯೇ ಕೇಳಿಸುತ್ತದೆ. ಆದರೆ ಬಾಲ ಬಿಟ್ಟು ತಲೆ ನೋಡಿ. ‘ಚಿಪ್ಪಿ’ಯ ಒಳಗೆ ಇರುವುದು ಚಿಪ್ಸ್. ‘ಚಿಂಕಿ’ಯ ಒಳಗೆ ನೂಡಲ್ಸೂ ಇಲ್ಲ, ಅನ್ನವೂ ಇಲ್ಲ. ಅಲ್ಲಿರುವುದು ಮನುಷ್ಯರನ್ನು ಬೈಯುವ ಪದ. 19ನೇ ಶತಮಾನದ ಕೊನೆಯ ಹೊತ್ತಿಗೇ ಇಂಗ್ಲಿಷಿನಲ್ಲಿ ಅದು ಚೀನೀಯರ ಮೇಲಿನ ಬೈಗುಳವಾಗಿತ್ತು. ಸ್ಕೂಲಿನ ಅಂಗಳದಲ್ಲಿ ಇವತ್ತಿಗೂ ಅದರ ಜೊತೆಗೆ ಕಣ್ಣಿನ ಅಂಚು ಎಳೆದು ತೋರಿಸುವ ಚೇಷ್ಟೆ ಬರುತ್ತದೆ. ಮೊದಲು ಮನುಷ್ಯನಿಗೆ ಬೈದರು, ಆಮೇಲೆ ಆ ಮನುಷ್ಯ ನಡೆಸುವ ಅಂಗಡಿಗೆ, ಆಮೇಲೆ ಅಂಗಡಿಯ ಊಟಕ್ಕೆ.

ಅಡ್ಡಹೆಸರು ಅಂದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ. ಲಂಡನ್ನಿನ ಕಾಕ್ನಿ ಮಾತಿನಲ್ಲಿ ‘ಕರಿ’ಗೆ, ಅಂದರೆ ನಮ್ಮ ಕಡೆಯ ಮಸಾಲೆ ಸಾರಿಗೆ, ‘ರೂಬಿ’ ಅನ್ನುತ್ತಾರೆ. ರೂಬಿ ಮರ್ರಿ ಅಂತ ಬೆಲ್‌ಫಾಸ್ಟ್‌ನ ಗಾಯಕಿ ಇದ್ದರು. 1955ರಲ್ಲಿ ಒಂದೇ ವಾರ ಬ್ರಿಟನ್ನಿನ ಟಾಪ್ 20 ಪಟ್ಟಿಯಲ್ಲಿ ಅವರ 5 ಹಾಡುಗಳಿದ್ದವು. ಮರ್ರಿಗೂ ಕರಿಗೂ ಪ್ರಾಸ ಸೇರಿತು, ಅಷ್ಟೇ. ‘ರೂಬಿ ತಿನ್ನೋಕೆ ಹೋಗೋಣ’ ಅಂದರೆ ಯಾರ ಮೈ ಬಣ್ಣವೂ, ಕಣ್ಣೂ ನಡುವೆ ಬರುವುದಿಲ್ಲ. ನನಗಂತೂ ಆ ಪದ ಇಷ್ಟ.

ಈಗ ಆ ಟೇಕ್‌ಅವೇ ಬ್ರಿಟನ್ನಿಗೆ ಹೇಗೆ ಬಂತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಸಹೋದ್ಯೋಗಿಗೂ ಇದು ಗೊತ್ತಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕು ಹಡಗುಗಳಲ್ಲಿ ಸಾವಿರಾರು ಚೀನೀ ನಾವಿಕರು ದುಡಿದರು. ಅವರಲ್ಲಿ ಕೆಲವರು ಲಿವರ್‌ಪೂಲಿನ ಹೆಂಗಸರನ್ನು ಮದುವೆಯಾಗಿ, ಮಕ್ಕಳಾಗಿ, ಅಲ್ಲೇ ನೆಲೆ ನಿಂತಿದ್ದರು. ಯುದ್ಧ ಮುಗಿದ ಮೇಲೆ, 1945–46ರಲ್ಲಿ, ಗೃಹ ಇಲಾಖೆ ಗುಟ್ಟಾಗಿ ತೀರ್ಮಾನ ಮಾಡಿ ಅವರನ್ನು ಹಡಗು ಹತ್ತಿಸಿ ಕಳಿಸಿತು. ಹೆಂಡತಿ ಮಕ್ಕಳಿಗೆ ಒಂದು ಮಾತು ಹೇಳಲಿಲ್ಲ. ಗಂಡ ತನ್ನನ್ನು ಬಿಟ್ಟು ಓಡಿಹೋದ ಅಂತಲೇ ನಂಬಿ ಬದುಕು ಮುಗಿಸಿದ ಹೆಂಗಸರಿದ್ದಾರೆ. ಮಕ್ಕಳಿಗೆ ನಿಜ ತಿಳಿದದ್ದು ಎಷ್ಟೋ ದಶಕಗಳ ಮೇಲೆ, ಹಳೆಯ ಸರ್ಕಾರಿ ಕಡತಗಳು ಹೊರಬಿದ್ದಾಗ.

ಆಮೇಲೆ ಬಂದವರು ಹಾಂಗ್‌ಕಾಂಗಿನ ನ್ಯೂ ಟೆರಿಟರೀಸ್ ಕಡೆಯ ಹಳ್ಳಿಯವರು. 1950, 60ರ ದಶಕದಲ್ಲಿ ಅಲ್ಲಿನ ಭತ್ತದ ಬೇಸಾಯ ನೆಲ ಕಚ್ಚಿತ್ತು. ಹೊರಗಿನ ಅಗ್ಗದ ಅಕ್ಕಿಯ ಎದುರು ರೈತರು ನಿಲ್ಲಲಾಗಲಿಲ್ಲ. ಬ್ರಿಟನ್ನಿಗೆ ಬಂದು ಹೋಟೆಲ್ ಅಡುಗೆಮನೆ ಸೇರಿದರು. ಕೈಯಲ್ಲಿ ಸ್ವಲ್ಪ ದುಡ್ಡಾದ ಮೇಲೆ, ಹಳೆಯ ಮಾಲೀಕರು ಬಿಟ್ಟ ಫಿಶ್ ಅಂಡ್ ಚಿಪ್ಸ್ ಅಂಗಡಿಗಳನ್ನು ಹಿಡಿದರು. ಎಣ್ಣೆ ಕಾಯಿಸುವ ಯಂತ್ರ ಹೇಗೂ ಇತ್ತು. ಅದಕ್ಕೇ ಇವತ್ತಿಗೂ ಆ ಅಂಗಡಿಗಳಲ್ಲಿ ಸ್ವೀಟ್ ಅಂಡ್ ಸೋರ್ ಚಿಕನ್ ಪಕ್ಕದಲ್ಲೇ ಚಿಪ್ಸ್ ಸಿಗುತ್ತದೆ, ಚಿಪ್ಸಿನ ಮೇಲೆ ಹಳದಿ ಬಣ್ಣದ ಕರಿ ಸಾಸ್ ಕೂಡ. ಚೀನಾದಲ್ಲಿ ಯಾರಿಗೂ ಗೊತ್ತಿಲ್ಲದ ಚೈನೀಸ್. ನಮ್ಮ ಗೋಬಿ ಮಂಚೂರಿ ಇದ್ದ ಹಾಗೆ.

ಅಂಗಡಿ ಅಂಗಡಿಗೆ ಪೈಪೋಟಿ ಬೇಡ ಅಂತ ಒಂದೊಂದು ಮನೆಯವರು ಒಂದೊಂದು ಊರು ಹಿಡಿದರು. ಒಂದು ಸಣ್ಣ ಪಟ್ಟಣಕ್ಕೆ ಒಂದೇ ಚೀನೀ ಮನೆ. ಇಡೀ ಸ್ಕೂಲಿಗೆ ಒಂದೋ ಎರಡೋ ಚೀನೀ ಮಕ್ಕಳು. ಊರೆಲ್ಲ ‘ಚಿಂಕಿ’ ಅನ್ನುವುದು ಯಾವುದೋ ದೂರದ ಅಂಗಡಿಗಲ್ಲ, ಆ ಮಗುವಿನ ಮನೆಗೆ. ಅಂಗಡಿಯ ಮೇಲೇ ಅವರ ವಾಸ. ಹಗಲು ಸ್ಕೂಲಿನಲ್ಲಿ ಆ ಪದ ಕೇಳಿ, ರಾತ್ರಿ ಹನ್ನೊಂದಕ್ಕೆ ಪಬ್ ಮುಚ್ಚಿದ ಮೇಲೆ ಕುಡಿದು ಬಂದವರ ಬಾಯಲ್ಲಿ ಮತ್ತೆ ಅದೇ ಪದ ಕೇಳಿ, ನಗುತ್ತಾ ಪ್ರಾನ್ ಕ್ರ್ಯಾಕರ್ಸ್ ಪೊಟ್ಟಣ ಕೊಡಬೇಕು. ‘ನಮ್ಮೂರಿನ ಅಂಗಡಿಯವರೇ ಏನೂ ಅಂದುಕೊಳ್ಳುವುದಿಲ್ಲ’ ಅಂತ ಎಷ್ಟೋ ಜನ ನನಗೆ ವಾದ ಮಾಡಿದ್ದಾರೆ. ಗಿರಾಕಿಯ ಜೊತೆ ಜಗಳ ಆಡಿದರೆ ಮರುದಿನ ಷಟರ್ ಎತ್ತುವುದು ಹೇಗೆ? ಕೌಂಟರಿನ ಹಿಂದಿನ ಮೌನವನ್ನು ಒಪ್ಪಿಗೆ ಅಂದುಕೊಳ್ಳಬಾರದು.

‘ಊಟಕ್ಕೆ ಹೇಳಿದ್ದು, ಜನರಿಗಲ್ಲ’ ಅನ್ನುವ ವಾದ ಬ್ರಿಟನ್ನಿನಲ್ಲಿ ಆಗಲೇ ಒಮ್ಮೆ ತೀರ್ಮಾನವಾಗಿದೆ. ಬಿಬಿಸಿಯ ಒಂದು ಜನಪ್ರಿಯ ಹಾಸ್ಯ ಕಾರ್ಯಕ್ರಮದಲ್ಲಿ ಈ ಪದ ಬಂದಾಗ ದೂರು ಹೋಯಿತು. 2002ರಲ್ಲಿ, ಟಿವಿ, ರೇಡಿಯೊ ಕಾರ್ಯಕ್ರಮಗಳ ಮೇಲಿನ ದೂರು ವಿಚಾರಿಸುತ್ತಿದ್ದ ಬ್ರಾಡ್‌ಕಾಸ್ಟಿಂಗ್ ಸ್ಟ್ಯಾಂಡರ್ಡ್ಸ್ ಕಮಿಷನ್ ಅದನ್ನು ನೋಡಿತು. ಒಬ್ಬ ವ್ಯಕ್ತಿಗೆ ಹೇಳದೆ, ಹೋಟೆಲಿಗೋ ಊಟಕ್ಕೋ ಬಳಸಿದರೂ ಈ ಪದದಲ್ಲಿ ಜನಾಂಗೀಯ ಹೀಯಾಳಿಕೆ ಉಳಿದೇ ಇರುತ್ತದೆ, ಪೂರ್ವ ಏಷ್ಯಾ ಮೂಲದವರಿಗೆ ಇದರಿಂದ ನೋವಾಗುತ್ತದೆ ಅಂತ ಹೇಳಿತು. ಅಂದರೆ ನಿಮ್ಮ ಮಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ‘ಈಗಿನವರು ಜಾಸ್ತಿ ನೊಂದುಕೊಳ್ಳುತ್ತಾರೆ’ ಅನ್ನುವುದು ಇಲ್ಲಿ ನಿಲ್ಲುವುದಿಲ್ಲ. ನೋವು ಮೊದಲಿನಿಂದಲೂ ಇತ್ತು, ದೂರು ಕೊಟ್ಟರೆ ಕೇಳುವವರು ಆಮೇಲೆ ಬಂದರು.

2014ರ ಡಿಸೆಂಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಯುರೋಪಿಯನ್ ಒಕ್ಕೂಟ ಬಿಡಬೇಕು ಅನ್ನುತ್ತಿದ್ದ ಯುಕಿಪ್ ಪಕ್ಷದ ಅಭ್ಯರ್ಥಿಯೊಬ್ಬರು ಫೋನಿನಲ್ಲಿ ಒಬ್ಬ ಹೆಂಗಸಿನ ಬಗ್ಗೆ ಮಾತಾಡುವಾಗ ಈ ಪದ ಬಳಸಿದ್ದು ಹೊರಗೆ ಬಂದು, ಕಣದಿಂದ ಹಿಂದೆ ಸರಿಯಬೇಕಾಯಿತು. ಪಕ್ಷದ ನಾಯಕ ನೈಜೆಲ್ ಫರಾಜ್ ರೇಡಿಯೊದಲ್ಲಿ ಅವರ ಪರ ನಿಂತರು. ಗೆಳೆಯರ ಜೊತೆ ಚೈನೀಸ್ ತಿನ್ನಲು ಹೊರಟಾಗ ನೀವು ಏನಂತೀರಿ, ಬಹಳ ಜನ ಈ ಪದವನ್ನೇ ಅಂತಾರಲ್ಲ ಅನ್ನುವ ಧಾಟಿಯಲ್ಲಿ ವಾದಿಸಿದರು. ನಿಮ್ಮ ಸಹೋದ್ಯೋಗಿಯ ವಾದವೇ. ಆದರೆ ಅಲ್ಲಿ ಮಾತು ಊಟದ ಬಗ್ಗೆ ಇರಲೇ ಇಲ್ಲ, ಒಬ್ಬ ಹೆಂಗಸಿನ ಬಗ್ಗೆ ಇತ್ತು! ಊಟದ ನೆಪ ಹೇಳಿ ಮನುಷ್ಯರ ಮೇಲೆ ಆಡಿದ ಮಾತನ್ನು ಸಮರ್ಥಿಸಿಕೊಳ್ಳಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ತಟ್ಟೆಯ ಮೇಲೆ ಇಟ್ಟ ಪದ ತಟ್ಟೆಯ ಮೇಲೇ ಇರುವುದಿಲ್ಲ. ಅದೇ ವರ್ಷ ವಿಗನ್ ಅಥ್ಲೆಟಿಕ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕ ಡೇವ್ ವೀಲನ್ ಕೂಡ ಪತ್ರಿಕೆಯೊಂದಕ್ಕೆ ಮಾತಾಡುತ್ತಾ ಚೀನೀಯರ ಬಗ್ಗೆ, ಯಹೂದಿಗಳ ಬಗ್ಗೆ ಇಂಥ ಮಾತು ಆಡಿದರು. ಫುಟ್‌ಬಾಲ್ ಸಂಸ್ಥೆ 6 ವಾರ ನಿಷೇಧ ಹಾಕಿ, 50,000 ಪೌಂಡ್ ದಂಡ ವಿಧಿಸಿತು.

ನೀವು ಭಾರತದವರು, ಬ್ರಿಟನ್ನಿನಲ್ಲಿ ಇದ್ದೀರಿ. ಹಾಗಾಗಿ ನಿಮಗೆ ಇದು ಅರ್ಥವಾಗಲು ಚೀನಾವರೆಗೂ ಹೋಗಬೇಕಿಲ್ಲ. ಬೀದಿ ಮೂಲೆಯ ದಿನಸಿ ಅಂಗಡಿಗೆ ಅಲ್ಲಿ ತುಂಬಾ ಜನ ‘ಪಾಕಿ ಶಾಪ್’ ಅನ್ನುತ್ತಿದ್ದರು. ಕೆಲವರು ಈಗಲೂ ಅನ್ನುತ್ತಾರೆ. ಅಂಗಡಿ ಗುಜರಾತಿನವರದ್ದಾಗಿರಲಿ, ಪಂಜಾಬಿನವರದ್ದಾಗಿರಲಿ, ಶ್ರೀಲಂಕಾದವರದ್ದಾಗಿರಲಿ. ‘ಅಂಗಡಿಗೆ ಹೇಳಿದ್ದು’ ಅನ್ನುವ ಸಮಜಾಯಿಷಿ ಅಲ್ಲೂ ಇತ್ತು. 1970ರ ದಶಕದಲ್ಲಿ, ಏಷ್ಯಾದವರನ್ನು ಹುಡುಕಿಕೊಂಡು ಹೋಗಿ ಹೊಡೆಯುವುದಕ್ಕೆ ‘ಪಾಕಿ-ಬ್ಯಾಶಿಂಗ್’ ಅಂತಲೇ ಹೆಸರಿತ್ತು. 1976ರಲ್ಲಿ ಸೌತಾಲ್‌ನಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಅನ್ನುವ ಹುಡುಗನ ಕೊಲೆಯಾಯಿತು. 1978ರಲ್ಲಿ ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ, ಬಟ್ಟೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬಾಂಗ್ಲಾದೇಶಿ. ಹಾಲು ತರಲು ಹೋಗುವ ಅಂಗಡಿಯ ಹೆಸರಲ್ಲೂ, ಬೂಟುಗಾಲಿನಲ್ಲಿ ಒದೆಯುವವರ ಬಾಯಲ್ಲೂ ಒಂದೇ ಪದ. ಹಾಲು ತರಲು ಹೋದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅಂಗಡಿಯವನು ಆ ಪದ ಕಿವಿಗೆ ಬಿದ್ದಾಗಲೆಲ್ಲ ಇದು ಹಾಲಿನವರಾ, ಒದೆಯುವವರಾ ಅಂತ ಬಾಗಿಲ ಕಡೆ ನೋಡಲೇಬೇಕು.

ಈಗ ‘ಇಂಡಿಯನ್’ ವಿಷಯ. ‘ಇಂಡಿಯನ್ ತಿನ್ನೋಣ’, ‘ಇಟಾಲಿಯನ್ ತಿನ್ನೋಣ’, ‘ಚೈನೀಸ್ ತಿನ್ನೋಣ’ ಎಲ್ಲ ಒಂದೇ ಸಾಲು. ದೇಶದ ಹೆಸರಿನಿಂದ ಬಂದ ಮಾಮೂಲಿ ಗುಣವಾಚಕ. ನಿಮ್ಮ ಪಾಸ್‌ಪೋರ್ಟಿನ ಮೇಲೂ ಅದೇ ಪದ ಇದೆ. ಇದರಲ್ಲಿ ಬೈಗುಳ ಇಲ್ಲ. ಬೇಕಾದರೆ ತಪ್ಪು ಮಾಹಿತಿ ಇದೆ ಅನ್ನಬಹುದು. ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಆದರೆ ಬ್ರಿಟನ್ನಿನ ಶುಕ್ರವಾರ ರಾತ್ರಿಯ ‘ಇಂಡಿಯನ್’ಗೂ ಒಂದು ಕೊಳಕು ಮುಖ ಇತ್ತು. ಹತ್ತು ಗ್ಲಾಸ್ ಬಿಯರ್ ಕುಡಿದು ಬಂದು, ಮೆನುವಿನಲ್ಲಿ ಎಲ್ಲಕ್ಕಿಂತ ಖಾರದ್ದು ಕೊಡು ಅಂತ ಮೇಜು ಗುದ್ದಿ, ವೇಟರನ್ನು ಬಾಯಿಗೆ ಬಂದ ಹಾಗೆ ಬೈಯುವುದು. 1990ರ ದಶಕದ ಕೊನೆಯಲ್ಲಿ ಬ್ರಿಟಿಷ್ ಏಷ್ಯನ್ ಕಲಾವಿದರು ಬಿಬಿಸಿಯಲ್ಲಿ ಇದನ್ನು ತಿರುಗಿಸಿ ಒಂದು ಪ್ರಹಸನ ಮಾಡಿದರು. ಮುಂಬೈನ ಒಂದು ಗುಂಪು ಕುಡಿದು ‘ಇಂಗ್ಲಿಷ್ ತಿನ್ನೋಕೆ’ ಹೋಗಿ, ಎಲ್ಲಕ್ಕಿಂತ ಸಪ್ಪೆಯಾದದ್ದು ಕೊಡು ಅಂತ ಬಿಳಿಯ ವೇಟರನ್ನು ಗೋಳು ಹೊಯ್ದುಕೊಳ್ಳುತ್ತದೆ. ಅವರು ಆಡಿಕೊಂಡದ್ದು ಪದವನ್ನಲ್ಲ, ನಡತೆಯನ್ನು. ಮರ್ಯಾದೆಯ ಪದ ಇಟ್ಟುಕೊಂಡೂ ಮರ್ಯಾದೆ ಕೆಡಿಸಬಹುದು.

‘ಕರಿ’ ಅನ್ನುವ ಪದವನ್ನೇ ಬಿಡಬೇಕು ಅಂತ ಈಚೆಗೆ ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ನೂರು ಬಗೆಯ ಸಾರು, ಪಲ್ಯ, ಗೊಜ್ಜನ್ನು ಒಂದೇ ಪದದಲ್ಲಿ ತುರುಕಿದ್ದು ಸೋಮಾರಿತನ ಹೌದು, ಬೈಗುಳ ಅಲ್ಲ. ಅಂದ ಹಾಗೆ, ಆ ಪದದ ಮೂಲ ತಮಿಳು ಅಂತ ಎಲ್ಲರೂ ಹೇಳುತ್ತಾರೆ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು, ಪೋರ್ಚುಗೀಸರು ಎತ್ತಿಕೊಂಡದ್ದು ‘ಕರಿಲ್’ ಅನ್ನುವ ಕನ್ನಡ ರೂಪವನ್ನು ಅನ್ನುತ್ತದೆ. ಸುಮ್ನೆ ಹೇಳಿದೆ, ಆಫೀಸಿನಲ್ಲಿ ಜಂಬ ಕೊಚ್ಚಿಕೊಳ್ಳಲು ನಿಮಗೆ ಉಪಯೋಗಕ್ಕೆ ಬರಬಹುದು. ಆದರೆ ಇದೇ ಪದ ಆಸ್ಟ್ರೇಲಿಯಾದಲ್ಲಿ ‘ಕರಿ ಮಂಚರ್’ ಆಯಿತು, ಕರಿ ಮೆಲ್ಲುವವನು ಅಂತ. ಆಗ ಅದು ಬೈಗುಳ. 2009ರ ಸುಮಾರಿಗೆ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ‘ಕರಿ ಬ್ಯಾಶಿಂಗ್’ ಅನ್ನುವ ಮಾತು ಪತ್ರಿಕೆಗಳವರೆಗೂ ಬಂತು.

ಇದು ನಿಮ್ಮ ‘ಮೋಮೋ’ಗೆ ಉತ್ತರ. ಲೀಡ್ಸ್‌ನಲ್ಲಿ ಮನುಷ್ಯರ ಬೈಗುಳ ಊಟಕ್ಕೆ ಹೋಯಿತು, ಬೆಂಗಳೂರಿನಲ್ಲಿ ಊಟದ ಹೆಸರು ಮನುಷ್ಯರಿಗೆ ಬಂತು. ಮೋಮೋ ಪಾಪದ ತಿಂಡಿ. ಹಬೆಯಲ್ಲಿ ಬೆಂದು, ಕೆಂಪು ಚಟ್ನಿ ಜೊತೆ ಬಂದರೆ ನನಗೂ ಇಷ್ಟ. ಆದರೆ ಒಬ್ಬ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರಿರುವಾಗ, ಅವನ ಮುಖ ನೋಡಿ ತಿಂಡಿಯ ಹೆಸರಲ್ಲಿ ಕರೆದರೆ ನೀನು ನಮ್ಮವನಲ್ಲ ಅಂತ ದಿನಾ ನೆನಪಿಸಿದ ಹಾಗೆ. ಅಷ್ಟೇ ಅಲ್ಲ, ಮಣಿಪುರದವರ ಮನೆ ಊಟ ಮೋಮೋ ಅಲ್ಲ. ಅವರದ್ದು ಇರೊಂಬಾ, ಸಿಂಗ್ಜು, ಮೀನು ಹುದುಗಿಸಿ ಮಾಡುವ ಙಾರಿ. ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಬಂದವನ ಊರು ಯಾವುದು ಅಂತ ಕೇಳುವ ಬದಲು, ಟಿಬೆಟ್, ನೇಪಾಳದ ತಿಂಡಿಯನ್ನು ಅವನ ಹಣೆಗೆ ಅಂಟಿಸಿದ್ದೀರಿ.

‘ಚಿಂಕಿ’ಯ ಬಗ್ಗೆ ಭಾರತದಲ್ಲೂ ಸರ್ಕಾರವೇ ಮಾತಾಡಿದೆ. 2012ರಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಈಶಾನ್ಯದ ಪರಿಶಿಷ್ಟ ಪಂಗಡದವರ ಮೇಲಿನ ಇಂಥ ನಿಂದನೆಗೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ಹಾಕಿ ಅಂತ ಸೂಚಿಸಿತು. ಆ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಇದೆ. 2014ರ ಜನವರಿಯಲ್ಲಿ ದೆಹಲಿಯ ಲಾಜ್‌ಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಏಟು ತಿಂದು ಸತ್ತ. ಜಗಳ ಶುರುವಾದದ್ದು ಅವನ ಕೂದಲು, ರೂಪ ನೋಡಿ ಅಂಗಡಿಯಲ್ಲಿ ಆಡಿಕೊಂಡದ್ದರಿಂದ. ಆಮೇಲೆ ಈಶಾನ್ಯದವರ ಕಷ್ಟ ವಿಚಾರಿಸಲು ಕೇಂದ್ರ ನೇಮಿಸಿದ ಬೆಜ್ಬರುವಾ ಸಮಿತಿ ಬಂತು, ವರದಿ ಬಂತು. 2020ರಲ್ಲಿ ಕೋವಿಡ್ ಬಂದಾಗ ಅದೇ ಮುಖಗಳಿಗೆ ‘ಕೊರೊನಾ’ ಅಂತ ಹೊಸ ಹೆಸರು ಇಟ್ಟರು. ಆ ವರ್ಷ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಸಿಂಗಪುರದ ವಿದ್ಯಾರ್ಥಿಯೊಬ್ಬ ಏಟು ತಿಂದದ್ದೂ ಅದೇ ನೆಪಕ್ಕೆ.

ನಮ್ಮವರಿಗೂ ಈ ರುಚಿ ಗೊತ್ತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಬಾಂಬೆಯಲ್ಲಿ ದಕ್ಷಿಣದವರ ಮೇಲೆ ‘ಲುಂಗಿ ಹಟಾವ್’ ಅಂತ ಕೂಗೆದ್ದಿತು. ಕನ್ನಡ, ತುಳು, ಕೊಂಕಣಿ ಮಾತಾಡುವ ಹುಡುಗರು ಲೋಟ ತೊಳೆದು ಮೇಲೆ ಬಂದು ಕಟ್ಟಿದ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಅವರೆಲ್ಲ ಒಟ್ಟಾಗಿ ‘ಮದ್ರಾಸಿ’ಗಳು. ಮಂಗಳೂರಿನವನು ಮದ್ರಾಸ್ ನೋಡಿಯೇ ಇಲ್ಲದಿದ್ದರೂ ಮದ್ರಾಸಿ. ದೆಹಲಿಯಲ್ಲಿ ಇವತ್ತಿಗೂ ‘ಮದ್ರಾಸಿ ಖಾನಾ’ ಅಂತ ಬೋರ್ಡ್ ಕಂಡರೆ ನನ್ನ ಅಣ್ಣ ಹಲ್ಲು ಕಡಿಯುತ್ತಾನೆ.

ನಮ್ಮ ಬಾಯಿ ಶುದ್ಧವಾ? ಇಲ್ಲ. ಸಸ್ಯಾಹಾರಿ ಗೆಳೆಯನನ್ನು ‘ಪುಳ್ಚಾರ್’ ಅಂತ ರೇಗಿಸದ ಕನ್ನಡ ಹಾಸ್ಟೆಲ್ ಇಲ್ಲ. ಅದೂ ಊಟದ ಹೆಸರನ್ನು ಜಾತಿಯ ಮೇಲೆ ಹಾಕಿದ್ದೇ. ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಗಿರುವುದು ‘ಕಾಕಾ ಅಂಗಡಿ’. ನಾನೂ ಹಾಗೇ ಅನ್ನುವುದು. ಇದನ್ನು ನಾನು ಕೌಂಟರ್ ಅಳತೆಗೆ ಹಚ್ಚಿ ನೋಡಿದ್ದೇನೆ. ಮಲಬಾರಿನ ಮುಸ್ಲಿಮರಲ್ಲಿ ಅಣ್ಣನಿಗೆ ಕಾಕಾ, ಇಕ್ಕ ಅನ್ನುತ್ತಾರೆ. ಅದು ಅವರದ್ದೇ ಪದ. ಅವರ ಎದುರಿಗೇ ‘ಕಾಕಾ, ಒಂದು ಚಾಯ್’ ಅಂದರೆ ಅವರೂ ‘ಕುಳಿತುಕೊಳ್ಳಿ ಟೀಚರೇ’ ಅನ್ನುತ್ತಾರೆ. ಹಾಗಾಗಿ ಸದ್ಯಕ್ಕೆ ಪಾಸು. ಆದರೆ ಯಾರಾದರೂ ಮೂಗು ಮುರಿದು ‘ಆ ಕಾಕಾಗಳು’ ಅಂತ ಶುರು ಮಾಡಿದರೆ, ಅದೇ ಹಾಲು ಒಡೆಯುತ್ತದೆ.

ಇನ್ನು ನೀವು ಏನು ಮಾಡಬೇಕು ಅನ್ನುವುದು. ಸಹೋದ್ಯೋಗಿಗೆ ಭಾಷಣ ಬೇಡ. ಎಲ್ಲರ ಎದುರು ತಿದ್ದಲೂ ಹೋಗಬೇಡಿ. ವ್ಯಾನ್ ತಂದುಕೊಟ್ಟ ಮನುಷ್ಯ, ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು. ಅವನು ‘ಚಿಂಕಿ ತರಿಸೋಣವಾ’ ಅಂದಾಗ ನೀವು ‘ಹೂಂ, ಚೈನೀಸ್ ತರಿಸೋಣ’ ಅನ್ನಿ. ನಾಲ್ಕು ಶುಕ್ರವಾರ ಹಾಗೇ ಅನ್ನಿ. ತುಂಬಾ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಬಗ್ಗದಿದ್ದರೆ ಇಬ್ಬರೇ ಇರುವಾಗ ‘ಅಂಗಡಿಯವರ ಮುಂದೆ ಇದೇ ಪದ ಹೇಳ್ತೀಯಾ?’ ಅಂತ ಕೇಳಿ, ಸುಮ್ಮನಾಗಿ. ಉತ್ತರ ಅವನೇ ಹುಡುಕಿಕೊಳ್ಳಲಿ. ಆಫೀಸಿನಲ್ಲಿ ಚೀನೀ ಮೂಲದವರು ಇದ್ದು ಅವರ ಕಿವಿಗೂ ಇದು ಬೀಳುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ, ಜನಾಂಗಕ್ಕೆ ಸಂಬಂಧಿಸಿದ ಮಾತಿನಿಂದ ಕೆಲಸದ ಜಾಗದ ವಾತಾವರಣ ಕೆಟ್ಟರೆ ಅದು ಕಿರುಕುಳ ಅನಿಸಿಕೊಳ್ಳಬಹುದು. ದೂರು ಕೊಡುವವರು ಅದೇ ಜನಾಂಗದವರಾಗಿರಬೇಕು ಅಂತಲೂ ಇಲ್ಲ. ಇದನ್ನು ಬೆದರಿಕೆಯಾಗಿ ಬಳಸಬೇಡಿ. ತಿಳಿದಿರಲಿ ಅಂತ ಹೇಳಿದೆ.

ಮಗನಿಗೆ ಎಂಟು ವರ್ಷ. ಬೈದರೆ ಪದಕ್ಕೆ ಇನ್ನೂ ರುಚಿ ಬರುತ್ತದೆ, ಗುಟ್ಟಾಗಿ ಬಳಸುತ್ತಾನೆ. ಅವನನ್ನು ಆ ಟೇಕ್‌ಅವೇಗೆ ಕರೆದುಕೊಂಡು ಹೋಗಿ. ಅಂಗಡಿಗೆ ಒಂದು ಹೆಸರು ಇರುತ್ತದೆ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ಅವನಿಂದಲೇ ಓದಿಸಿ. ಮುಂದಿನ ಸಲ ಮನೆಯಲ್ಲಿ ಆ ಹೆಸರಿನಲ್ಲೇ ಕೇಳಲಿ. ಅವನ ಕ್ಲಾಸಿನಲ್ಲಿ ಚೀನೀ ಮಗು ಇದ್ದು, ಆ ಪದ ಆ ಮಗುವಿಗೆ ಬೀಳುತ್ತಿದೆ ಅಂತ ಗೊತ್ತಾದರೆ ಟೀಚರಿಗೆ ಹೇಳಿ. ತಡ ಮಾಡಬೇಡಿ.

ಕೊನೆಗೆ ನಿಮ್ಮ ಮಣಿಪುರದ ಗೆಳೆಯ. ಅವನೂ ನಗುತ್ತಿದ್ದ ಅಂದಿರಿ. ಹಾಸ್ಟೆಲಿನಲ್ಲಿ ಹದಿನೈದು ಜನ ನಗುವಾಗ ಹದಿನಾರನೆಯವನು ಏನು ಮಾಡಬೇಕಿತ್ತು? ನಗದಿದ್ದರೆ ಆ ಹೆಸರು ಇನ್ನೂ ಗಟ್ಟಿಯಾಗುತ್ತಿತ್ತು ಅಂತ ಅವನಿಗೆ ಗೊತ್ತಿತ್ತು. ಅವನಿಗೆ ಬರೆಯಿರಿ. ಎರಡೋ ಮೂರೋ ಸಾಲು ಸಾಕು. ನಾವು ನಿನ್ನನ್ನು ಹೀಗೆ ಕರೆಯುತ್ತಿದ್ದೆವು, ತಪ್ಪು, ಕ್ಷಮಿಸು. ‘ಆಗ ಎಲ್ಲರೂ ಅನ್ನುತ್ತಿದ್ದರು’ ಅಂತ ಸೇರಿಸಬೇಡಿ. ನನ್ನ ಮಗನಿಂದ ನೆನಪಾಯಿತು ಅಂತ ಉದ್ದ ಕಥೆಯೂ ಬೇಡ. ನಿಮ್ಮ ಮನಸ್ಸು ಹಗುರ ಮಾಡುವ ಕೆಲಸವನ್ನು ಅವನ ತಲೆಗೆ ಹಾಕಿದ ಹಾಗಾಗುತ್ತದೆ. ಅವನ ಪೂರ್ತಿ ಹೆಸರು ಸರಿಯಾಗಿ ಬರೆಯಲು ಬರುತ್ತದಾ ಅಂತ ಮೊದಲು ನೋಡಿಕೊಳ್ಳಿ. ಉತ್ತರ ಬಂದರೆ ಬರಲಿ. ಎರಡು ನೀಲಿ ಟಿಕ್ ಬಿದ್ದು ಉತ್ತರ ಬರದಿದ್ದರೆ, ಮತ್ತೆ ಕೇಳಬೇಡಿ.